ಓದುಗರ ಪ್ರಶ್ನೆ: ಲಾರೆಲ್‌ನಲ್ಲಿ ನಿಂತುಹೋದ ‘ಇಂಟರ್‌ನ್ಯಾಷನಲ್’ ರೇಸ್

ಪ್ರಶ್ನೆ: ಹಳೆಯ ಕ್ರೀಡಾ ಪತ್ರಿಕೆಗಳಲ್ಲಿ ‘ವಾಷಿಂಗ್ಟನ್ ಡಿ.ಸಿ. ಇಂಟರ್‌ನ್ಯಾಷನಲ್’ ಎಂಬ ಕುದುರೆ ರೇಸಿನ ಹೆಸರು ಪದೇ ಪದೇ ಕಾಣಿಸುತ್ತದೆ. ಈಗಿನ ದೊಡ್ಡ ರೇಸ್‌ಗಳ ಪಟ್ಟಿಯಲ್ಲಿ ಅದು ಎಲ್ಲಿಯೂ ಇಲ್ಲ. ಅದನ್ನು ಆರಂಭಿಸಿದವರು ಯಾರು? ಅದರ ವಿಶೇಷವೇನಿತ್ತು?
– ಓದುಗರೊಬ್ಬರು, ಮಂಡ್ಯ

ಉತ್ತರ: ಹೆಸರಿನಲ್ಲಿ ವಾಷಿಂಗ್ಟನ್ ಇದ್ದರೂ ಈ ರೇಸ್ ನಡೆಯುತ್ತಿದ್ದುದು ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ಮತ್ತು ವಾಷಿಂಗ್ಟನ್ ನಗರಗಳ ನಡುವೆ ಇರುವ ಲಾರೆಲ್ ಎಂಬ ಊರಿನ ರೇಸ್ ಕೋರ್ಸ್‌ನಲ್ಲಿ. ಆ ರೇಸ್ ಕೋರ್ಸ್ 1950ರಲ್ಲಿ ಶಾಪೀರೊ ಕುಟುಂಬದ ಕೈಗೆ ಬಂದಿತು. ಅದರ ಆಡಳಿತ ವಹಿಸಿಕೊಂಡ ಜಾನ್ ಶಾಪೀರೊ ಅವರಿಗೆ ಎದುರಾದದ್ದು ನ್ಯೂಯಾರ್ಕಿನ ಶ್ರೀಮಂತ ಕ್ಲಬ್‌ಗಳ ಮುಂದೆ ತಮ್ಮ ಕೋರ್ಸ್ ತಲೆ ಎತ್ತಿ ನಿಲ್ಲುವುದು ಹೇಗೆ ಎಂಬ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ಉತ್ತರವೇ 1952ರಲ್ಲಿ ಮೊದಲ ಬಾರಿಗೆ ನಡೆದ ಈ ಇಂಟರ್‌ನ್ಯಾಷನಲ್.

ಇದರ ವಿಶೇಷವೆಲ್ಲ ಇದ್ದುದು ಆಹ್ವಾನದಲ್ಲಿ. ಸಾಮಾನ್ಯವಾಗಿ ದೊಡ್ಡ ರೇಸ್‌ಗಳಿಗೆ ಮಾಲೀಕರು ತಿಂಗಳುಗಳ ಮೊದಲೇ ಶುಲ್ಕ ಕಟ್ಟಿ ಕುದುರೆಯ ಹೆಸರು ನೋಂದಾಯಿಸಬೇಕಾಗುತ್ತದೆ. ದೂರದ ಊರಿಗೆ ಕುದುರೆಯನ್ನು ಸಾಗಿಸುವ ವೆಚ್ಚವೂ ಅವರದೇ. ಲಾರೆಲ್‌ನಲ್ಲಿ ಇದು ತಿರುಗುಮುರುಗಾಯಿತು. ಯಾವ ದೇಶದ ಯಾವ ಕುದುರೆ ಬರಬೇಕೆಂದು ರೇಸ್ ಕೋರ್ಸ್‌ನವರೇ ನಿರ್ಧರಿಸಿ, ಕರೆ ಕಳುಹಿಸಿ, ಅದರ ವಿಮಾನಯಾನದ ಖರ್ಚನ್ನೂ ತಾವೇ ವಹಿಸಿಕೊಂಡರು. ರೇಸ್ ಕುದುರೆಯನ್ನು ವಿಮಾನದಲ್ಲಿ ಅಟ್ಲಾಂಟಿಕ್ ದಾಟಿಸುವುದೇ ಸುದ್ದಿಯಾಗುತ್ತಿದ್ದ ಕಾಲ ಅದು ಎಂಬುದನ್ನು ನೆನಪಿಡಬೇಕು.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಬೆಂಗಳೂರು, ಮೈಸೂರುಗಳಲ್ಲಿ ರೇಸ್ ನೋಡಿದವರಿಗೆ ಕುದುರೆಗಳು ಹುಲ್ಲಿನ ಮೇಲೆ ಓಡುವುದು ಸಹಜವೆನಿಸುತ್ತದೆ, ಯುರೋಪಿನಲ್ಲಿಯೂ ಹಾಗೆಯೇ. ಆದರೆ ಅಮೆರಿಕದ ಹೆಸರಾಂತ ರೇಸ್‌ಗಳು ಬಹುಪಾಲು ಮಣ್ಣಿನ ಟ್ರ್ಯಾಕ್‌ನಲ್ಲಿ ನಡೆಯುತ್ತವೆ. ಪರದೇಶದ ಕುದುರೆಗೆ ಅನ್ಯಾಯವಾಗಬಾರದೆಂದು ಶಾಪೀರೊ ತಮ್ಮ ರೇಸನ್ನು ಹುಲ್ಲಿನ ಟ್ರ್ಯಾಕ್‌ನಲ್ಲಿ, ಒಂದೂವರೆ ಮೈಲಿ ದೂರಕ್ಕೆ ಇಟ್ಟರು. ಮುಂಬೈಯ ಇಂಡಿಯನ್ ಡರ್ಬಿಯ 2400 ಮೀಟರ್ ಹೆಚ್ಚುಕಡಿಮೆ ಇದೇ ದೂರ. ಅಮೆರಿಕದಲ್ಲಿ ರೇಸ್ ಶುರುವಾಗುತ್ತಿದ್ದುದು ಕುದುರೆಗಳನ್ನು ಕಬ್ಬಿಣದ ಗೇಟಿನೊಳಗೆ ನಿಲ್ಲಿಸಿ. ಆದರೆ ಇಂಗ್ಲೆಂಡಿಗೆ ಅಂಥ ಗೇಟು ಬಂದದ್ದೇ 1965ರಲ್ಲಿ. ಆದ್ದರಿಂದ ಲಾರೆಲ್‌ನಲ್ಲಿ ಮೊದಲ ವರ್ಷಗಳಲ್ಲಿ ಅಡ್ಡಪಟ್ಟಿ ಕಟ್ಟಿ, ಕುದುರೆಗಳು ಅದರತ್ತ ನಡೆದು ಬರುತ್ತಿದ್ದಂತೆ ಪಟ್ಟಿಯನ್ನು ಮೇಲಕ್ಕೆ ಹಾರಿಸುವ ಹಳೆಯ ಪದ್ಧತಿಯನ್ನೇ ಅನುಸರಿಸಿದರು. ಅತಿಥಿಗೆ ಒಗ್ಗುವಂತೆ ಮನೆಯವರು ತಮ್ಮ ಪದ್ಧತಿ ಬದಲಿಸಿಕೊಂಡ ಈ ಔದಾರ್ಯವೇ ಆ ರೇಸಿಗೆ ಬೇಗ ಹೆಸರು ತಂದಿತೆಂದು ನನ್ನ ಅನಿಸಿಕೆ.

ಫಲವೂ ತಕ್ಷಣ ಕಂಡಿತು. ಮೊದಲ ವರ್ಷವೇ ಮ್ಯಾನಿ ಮರ್ಸರ್ ಸವಾರಿಯಲ್ಲಿ ಇಂಗ್ಲೆಂಡಿನ ವಿಲ್ವಿನ್ ಗೆದ್ದಿತು. ಮರುವರ್ಷ ಫ್ರಾನ್ಸಿನ ವೋರ್ಡನ್. 1954ರಲ್ಲಿ ರಾಣಿ ಎಲಿಜಬೆತ್ ಅವರ ಲ್ಯಾಂಡೊ ಎಂಬ ಕುದುರೆ ಬಂದು ಸೋತು ಹಿಂದಿರುಗಿತು. 1955ರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ವೆನೆಜುವೆಲಾದ ಎಲ್ ಚಾಮಾ ಮತ್ತು ಪ್ರೆಂಡಾಸೆ ಮೊದಲ ಎರಡು ಸ್ಥಾನಗಳನ್ನು ಹಿಡಿದವು. 1958ರ ಕಥೆ ಇನ್ನೂ ವಿಚಿತ್ರ. ಮೊದಲು ಗುರಿ ಮುಟ್ಟಿದ್ದು ಟ್ಯೂಡರ್ ಎರಾ. ಆದರೆ ಬೇರೆ ಕುದುರೆಯ ಹಾದಿಗೆ ಅಡ್ಡ ಬಂದಿತೆಂದು ತೀರ್ಪುಗಾರರು ಅದನ್ನು ಕೆಳಗಿಳಿಸಿ, ಆಸ್ಟ್ರೇಲಿಯಾದ ಸೇಲರ್ಸ್ ಗೈಡ್‌ಗೆ ಗೆಲುವು ಕೊಟ್ಟರು. ಆ ವರ್ಷ ಪ್ಯಾರಿಸ್ಸಿನ ಆರ್ಕ್ ಡಿ ಟ್ರಯಂಫ್ ಎಂಬ ದೊಡ್ಡ ರೇಸ್ ಗೆದ್ದು ಬಂದಿದ್ದ ಬ್ಯಾಲಿಮಾಸ್ ಮೂರನೆಯದಾಯಿತು.

ಪ್ರಶ್ನೆ: ಶೀತಲ ಸಮರದ ದಿನಗಳಲ್ಲಿ ಸೋವಿಯತ್ ರಷ್ಯಾದ ಕುದುರೆಗಳು ಇದೇ ರೇಸಿನಲ್ಲಿ ಓಡಿದ್ದವು ಎಂದು ಕೇಳಿದ್ದೇನೆ. ಇದು ನಿಜವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಜ. 1958ರಲ್ಲಿ ಗಾರ್ನಿರ್ ಮತ್ತು ಜಾರ್ಯಾದ್ ಎಂಬ ಎರಡು ಸೋವಿಯತ್ ಕುದುರೆಗಳು ಲಾರೆಲ್‌ಗೆ ಬಂದವು. ಅಮೆರಿಕದ ರಾಜಧಾನಿಯ ಬಾಗಿಲಲ್ಲೇ ಸೋವಿಯತ್ ಜಾಕಿಗಳು ಸವಾರಿ ಮಾಡಿದ್ದು ಪತ್ರಿಕೆಗಳಿಗೆ ಹಬ್ಬವಾಯಿತು; ಓಟದಲ್ಲಿ ಮಾತ್ರ ಅವು ಹಿಂದೆಯೇ ಉಳಿದವು. ಆದರೂ ಅವರು ಬರುವುದನ್ನು ಬಿಡಲಿಲ್ಲ. 1960ರಲ್ಲಿ ಜಾಬೆಗ್ ಮೂರನೆಯ ಸ್ಥಾನ ಪಡೆಯಿತು. ಅನಂತರ ಬಂದದ್ದು ಕ್ರಾಸ್ನೊದಾರ್ ಪ್ರಾಂತದ ವೊಸ್ಖೋದ್ ಅಶ್ವಶಾಲೆಯಲ್ಲಿ ಹುಟ್ಟಿದ ಅನಿಲಿನ್. ನಿಕೊಲಾಯ್ ನಾಸಿಬೊವ್ ಸವಾರಿಯಲ್ಲಿ ಅದು ಲಾರೆಲ್‌ನಲ್ಲಿ 1964ರಲ್ಲಿ ಮೂರನೆಯದೂ 1966ರಲ್ಲಿ ಎರಡನೆಯದೂ ಆಯಿತು. ಜರ್ಮನಿಯ ಕಲೋನ್‌ನಲ್ಲಿ ನಡೆಯುವ ಯುರೋಪಾ ಪ್ರೈಸ್ ರೇಸನ್ನು 1965ರಿಂದ ಸತತ ಮೂರು ವರ್ಷ ಗೆದ್ದ ಕುದುರೆ ಅದು. ಜೂಜನ್ನು ಬಂಡವಾಳಶಾಹಿಯ ಚಟವೆಂದು ಹಳಿಯುತ್ತಿದ್ದ ವ್ಯವಸ್ಥೆಯೊಂದು ಅಷ್ಟೊಂದು ಕಾಳಜಿಯಿಂದ ರೇಸ್ ಕುದುರೆ ಸಾಕಿತ್ತೆಂಬುದು ನಗು ತರಿಸುವ ಸಂಗತಿಯೇ ಹೌದು.

ಪ್ರಶ್ನೆ: ಅಮೆರಿಕದ ಕೆಲ್ಸೊ ಎಂಬ ಕುದುರೆ ಈ ರೇಸಿನಲ್ಲಿ ಮೂರು ಬಾರಿ ಸೋತಿತಂತೆ. ಅಷ್ಟು ದೊಡ್ಡ ಕುದುರೆ ಸೋತದ್ದೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಕೆಲ್ಸೊ ಗೆಲ್ಡಿಂಗ್, ಎಂದರೆ ಬೀಜ ಒಡೆಸಿದ ಕುದುರೆ. ತಳಿಗೆ ಬಿಡುವಂತಿಲ್ಲವಾದ್ದರಿಂದ ವಯಸ್ಸಾದರೂ ಓಡುತ್ತಲೇ ಇತ್ತು. 1960ರಿಂದ 1964ರವರೆಗೆ ಸತತ ಐದು ವರ್ಷ ಅಮೆರಿಕದ ‘ವರ್ಷದ ಕುದುರೆ’ ಎನಿಸಿದ್ದು ಅದೊಂದೇ. ಅದರ ದೊಡ್ಡ ಗೆಲುವುಗಳೆಲ್ಲ ಬಹುಪಾಲು ಮಣ್ಣಿನ ಟ್ರ್ಯಾಕ್‌ನಲ್ಲಿ ಬಂದವು. ಲಾರೆಲ್‌ನ ಹುಲ್ಲು ಮಾತ್ರ ಅದಕ್ಕೆ ಸುಲಭವಾಗಿ ಒಲಿಯಲಿಲ್ಲ. 1961ರಲ್ಲಿ ಟಿ.ವಿ. ಲಾರ್ಕ್ ಅದನ್ನು ಒಂದು ಕುದುರೆಯುದ್ದಕ್ಕಿಂತ ಕಡಿಮೆ ಅಂತರದಲ್ಲಿ ಸೋಲಿಸಿತು. 1962ರಲ್ಲಿ ಕೆಲ್ಸೊ ಮತ್ತು ಕೆಂಟಕಿ ಡರ್ಬಿ ವಿಜೇತ ಕ್ಯಾರಿ ಬ್ಯಾಕ್ ಒಂದನ್ನೊಂದು ಕಾಡುತ್ತ ದಣಿದಿದ್ದಾಗ, ಹಿಂದೆ ತಾಳ್ಮೆಯಿಂದ ಕಾಯುತ್ತಿದ್ದ ಫ್ರಾನ್ಸಿನ ಮ್ಯಾಚ್, ಯುವ ಜಾಕಿ ಈವ್ ಸೇಂಟ್ ಮಾರ್ಟಿನ್ ಸವಾರಿಯಲ್ಲಿ, ಕೊನೆಯ ನೇರ ಹಾದಿಯಲ್ಲಿ ಎರಡನ್ನೂ ದಾಟಿತು. 1963ರಲ್ಲಿ ಮಾಂಗೊ ಅರ್ಧ ಕುದುರೆಯುದ್ದದಿಂದ ಗೆದ್ದಿತು. ಮೂರೂ ಬಾರಿ ಕೆಲ್ಸೊ ಎರಡನೆಯದು.

ಹೀಗಾಗಿ 1964ರ ನವೆಂಬರ್ 11ರಂದು ಏಳು ವರ್ಷದ ಕೆಲ್ಸೊ ನಾಲ್ಕನೆಯ ಸಲ ಲಾರೆಲ್‌ಗೆ ಬಂದಾಗ ಅದರ ಎದುರಾಳಿ ಕೇವಲ ಗನ್ ಬೋ ಎಂಬ ಕುದುರೆ ಆಗಿರಲಿಲ್ಲ. ಆ ವರ್ಷದ ಶ್ರೇಷ್ಠ ಕುದುರೆ ಯಾವುದು ಎಂಬ ತೀರ್ಮಾನವೂ ಅದೇ ಓಟಕ್ಕೆ ಉಳಿದಿತ್ತು. ಗನ್ ಬೋ ಎಂದಿನಂತೆ ಆರಂಭದಿಂದಲೇ ಮುನ್ನಡೆ ಹಿಡಿಯಿತು. ಜಾಕಿ ಇಸ್ಮಾಯೆಲ್ ವ್ಯಾಲೆನ್ಸುವೆಲಾ ಕೆಲ್ಸೊವನ್ನು ಅದರ ಬೆನ್ನ ಹಿಂದೆಯೇ ಇಟ್ಟು, ಸಮಯ ನೋಡಿ ಬಿಟ್ಟರು. ಕೆಲ್ಸೊ ನಾಲ್ಕೂವರೆ ಕುದುರೆಯುದ್ದ ಮುಂದೆ ಗುರಿ ಮುಟ್ಟಿತು. ಗಡಿಯಾರ ತೋರಿಸಿದ್ದು 2 ನಿಮಿಷ 23.8 ಸೆಕೆಂಡ್, ಹುಲ್ಲಿನ ಮೇಲೆ ಒಂದೂವರೆ ಮೈಲಿಗೆ ಅದು ಅಮೆರಿಕದ ದಾಖಲೆ. ನನ್ನನ್ನು ಕೇಳಿದರೆ, ಈ ರೇಸಿನ 43 ವರ್ಷಗಳ ಇತಿಹಾಸದಲ್ಲಿ ಒಂದೇ ದಿನವನ್ನು ಆರಿಸಿಕೊಳ್ಳುವುದಾದರೆ ಇದನ್ನೇ ಆರಿಸುತ್ತೇನೆ.

ಪ್ರಶ್ನೆ: ಇಷ್ಟು ಹೆಸರು ಮಾಡಿದ ರೇಸ್ ನಿಂತದ್ದೇಕೆ? ಜನ ಬರುವುದು ಕಡಿಮೆಯಾಯಿತೇ, ಹಣವಿಲ್ಲವಾಯಿತೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹಣದ ಮಾತು ಹತ್ತಿರದ್ದು. ಆದರೆ ಲಾರೆಲ್ ಬಡವಾಗಿ ಮುಳುಗಿತು ಎನ್ನುವುದಕ್ಕಿಂತ, ಅದು ತೋರಿಸಿಕೊಟ್ಟ ದಾರಿಯಲ್ಲಿ ಬೇರೆಯವರು ಹೆಚ್ಚು ಹಣ ಹಿಡಿದು ನಡೆದರು ಎನ್ನುವುದು ಸರಿ. ಎಪ್ಪತ್ತರ ದಶಕದವರೆಗೂ ಶರತ್ಕಾಲದ ಕೊನೆಗೆ ಯುರೋಪಿನ ಉತ್ತಮ ಕುದುರೆಗೆ ಹೋಗಲು ಇದ್ದ ದೊಡ್ಡ ವಿದೇಶಿ ರೇಸ್ ಎಂದರೆ ಲಾರೆಲ್‌ನದೇ. ಎಪ್ಸಮ್ ಡರ್ಬಿ ಗೆದ್ದ ಸರ್ ಐವರ್ 1968ರಲ್ಲಿ ಲೆಸ್ಟರ್ ಪಿಗಟ್ ಸವಾರಿಯಲ್ಲಿ ಇಲ್ಲಿ ಗೆದ್ದಿತು. 1973ರಲ್ಲಿ ಮೂರು ವರ್ಷದ ಡಾಲಿಯಾ ಈ ರೇಸ್ ಗೆದ್ದ ಮೊದಲ ಹೆಣ್ಣುಕುದುರೆಯಾಯಿತು. 1983ರಲ್ಲಿ ಆಲ್ ಅಲಾಂಗ್ ಮಾಡಿದ್ದಂತೂ ಅಸಾಧಾರಣ: ಪ್ಯಾರಿಸ್ಸಿನ ಆರ್ಕ್, ಕೆನಡಾದ ರಾಥ್‌ಮನ್ಸ್ ಇಂಟರ್‌ನ್ಯಾಷನಲ್, ನ್ಯೂಯಾರ್ಕಿನ ಟರ್ಫ್ ಕ್ಲಾಸಿಕ್ ಮತ್ತು ಲಾರೆಲ್, ಈ ನಾಲ್ಕನ್ನೂ ಆ ಹೆಣ್ಣುಕುದುರೆ 41 ದಿನಗಳಲ್ಲಿ ಗೆದ್ದು, ಹತ್ತು ಲಕ್ಷ ಡಾಲರ್ ವಿಶೇಷ ಬಹುಮಾನವನ್ನೂ ಅಮೆರಿಕದ ‘ವರ್ಷದ ಕುದುರೆ’ ಪಟ್ಟವನ್ನೂ ಪಡೆಯಿತು.

ಲಾರೆಲ್‌ನ ಕೊನೆಯ ದೊಡ್ಡ ವರ್ಷ ಅದೇ. ಅಷ್ಟರೊಳಗೆ 1981ರಲ್ಲಿ ಷಿಕಾಗೊದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನದ ಆರ್ಲಿಂಗ್ಟನ್ ಮಿಲಿಯನ್ ಶುರುವಾಗಿತ್ತು. ಅದೇ ವರ್ಷ ಟೋಕಿಯೊದಲ್ಲಿ ಪರದೇಶದ ಕುದುರೆಗಳನ್ನು ಆಹ್ವಾನಿಸುವ ಜಪಾನ್ ಕಪ್ ಕೂಡ. ಅದಕ್ಕೂ ಮೊದಲು ಜಪಾನಿನ ಕುದುರೆಗಳೇ ಲಾರೆಲ್‌ಗೆ ಹೋಗಿ ಓಡಿ ಬರುತ್ತಿದ್ದವು. ಮಾರಕ ಪೆಟ್ಟು ಬಿದ್ದದ್ದು 1984ರ ನವೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹಲವು ದೊಡ್ಡ ರೇಸ್‌ಗಳ ಕೂಟವಾದ ಬ್ರೀಡರ್ಸ್ ಕಪ್ ಆರಂಭವಾದಾಗ. ಅದರ ಹುಲ್ಲಿನ ರೇಸಿಗೆ ಅದೇ ಒಂದೂವರೆ ಮೈಲಿ, ಅದೇ ಋತು, ಬಹುಮಾನ ಮಾತ್ರ 20 ಲಕ್ಷ ಡಾಲರ್. ಅಟ್ಲಾಂಟಿಕ್ ದಾಟುವ ಮಾಲೀಕ ಇನ್ನು ಲಾರೆಲ್ ಅನ್ನು ಆರಿಸಿಕೊಳ್ಳಲು ಕಾರಣವೇ ಉಳಿಯಲಿಲ್ಲ.

1984ರ ಕೊನೆಗೆ ಶಾಪೀರೊ ರೇಸ್ ಕೋರ್ಸ್ ಮಾರಿದರು. ಹೊಸ ಮಾಲೀಕರು ಬಿಯರ್ ಕಂಪನಿಯ ಪ್ರಾಯೋಜಕತ್ವ ತಂದರು, ರೇಸಿನ ದೂರವನ್ನು ಒಂದೂಕಾಲು ಮೈಲಿಗೆ ಇಳಿಸಿದರು. ಈ ದೂರ ಇಳಿಸಿದ್ದು ತಪ್ಪು ನಿರ್ಧಾರವೆಂದೇ ನನ್ನ ಅಭಿಪ್ರಾಯ. ಅದರಿಂದ ರೇಸಿನ ಗುರುತೇ ಮಸುಕಾಯಿತು. 1994ರಲ್ಲಿ ಪ್ಯಾರಡೈಸ್ ಕ್ರೀಕ್ ಗೆದ್ದದ್ದೇ ಕೊನೆ. ಮರುವರ್ಷ ಅದು ನಡೆಯಲಿಲ್ಲ.

ಪ್ರಶ್ನೆ: ಇಂಥ ಆಹ್ವಾನದ ರೇಸ್‌ಗಳಲ್ಲಿ ಭಾರತದ ಕುದುರೆ ಓಡಿದ್ದುಂಟೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಉಂಟು. 1981ರ ಮೊದಲ ಜಪಾನ್ ಕಪ್‌ಗೆ ಉತ್ತರ ಅಮೆರಿಕದ ಕುದುರೆಗಳ ಜೊತೆ ಭಾರತದ ಓನ್ ಒಪೀನಿಯನ್‌ಗೂ ಕರೆ ಬಂದಿತ್ತು. ಅದು ಟೋಕಿಯೊದಲ್ಲಿ ಓಡಿತು, ಆದರೆ ಮುಂಚೂಣಿಗೆ ಬರಲಾಗಲಿಲ್ಲ. ಗೆದ್ದದ್ದು ಅಮೆರಿಕದ ಹೆಣ್ಣುಕುದುರೆ ಮೇರ್ಜಿ ಡೋಟ್ಸ್. ನಮ್ಮ ದೇಶದೊಳಗೆ ಬೇರೆ ಬೇರೆ ಕೇಂದ್ರಗಳ ಉತ್ತಮ ಕುದುರೆಗಳನ್ನು ಒಂದೆಡೆ ಸೇರಿಸುವ ಇಂಡಿಯನ್ ಟರ್ಫ್ ಇನ್ವಿಟೇಷನ್ ಕಪ್ ಸರದಿಯ ಮೇಲೆ ಬೆಂಗಳೂರಿಗೂ ಬರುತ್ತದೆ. ಅದರ ದೂರವೂ 2400 ಮೀಟರ್.