ಡಿಫೆಂಡರ್ ಇದ್ದರೂ ಪೆನ್‌ಡ್ರೈವ್ ಫೈಲೆಲ್ಲ ಶಾರ್ಟ್‌ಕಟ್ ಆಗುತ್ತಿರುವುದು
ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಇದ್ದರೂ ಅಂಗಡಿಗೆ ಬರುವ ಪೆನ್‌ಡ್ರೈವ್‌ಗಳು ಯಾಕೆ ಹೀಗಾಗುತ್ತಿವೆ ಅಂತ ಕೇಳಿದ್ದೀರಿ. ಬಹುಶಃ ವೈರಸ್ಸೇ ತನ್ನ ಫೋಲ್ಡರನ್ನು ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿಗೆ ಸೇರಿಸಿಕೊಂಡಿದೆ. ಆ ಪಟ್ಟಿಯಲ್ಲಿರುವುದನ್ನು ಡಿಫೆಂಡರ್ ಸ್ಕ್ಯಾನ್ ಮಾಡುವುದೇ ಇಲ್ಲ. ಹಾಗಾಗಿ ನಿಮ್ಮ ಸರಸ್ವತಿಪುರಂ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಕ್ಲೀನ್ ಅಂತ ಬರುತ್ತೆ, ಗಿರಾಕಿಗಳ ಪೆನ್‌ಡ್ರೈವ್ ಮಾತ್ರ ಹಾಳಾಗುತ್ತೆ. ನಮ್ಮ ಅಂಗಡಿಯಲ್ಲೂ ಹೀಗೇ ಆಗಿತ್ತು.

ಮೊದಲು ಡಿಫೆಂಡರ್ ಅಪ್‌ಡೇಟ್ ಮಾಡಿ, ಆಮೇಲೆ ಇಂಟರ್ನೆಟ್ ಆಫ್ ಮಾಡಿ. ವಿಂಡೋಸ್ ಸೆಕ್ಯುರಿಟಿ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಕ್ಲೂಷನ್ಸ್ ತೆರೆದು, ನೀವು ಹಾಕದ್ದನ್ನೆಲ್ಲ ತೆಗೆದುಹಾಕಿ. ಡಿಫೆಂಡರ್‌ನ ಸೆಟ್ಟಿಂಗ್ಸ್ ಬೇರೆಯವರು ಬದಲಿಸದಂತೆ ತಡೆಯುವ ಟ್ಯಾಂಪರ್ ಪ್ರೊಟೆಕ್ಷನ್ ಆನ್ ಮಾಡಿ. ನಂತರ ಆಫ್‌ಲೈನ್ ಸ್ಕ್ಯಾನ್ ಕೊಡಿ. ಸುಮಾರು 15 ನಿಮಿಷ ಬೇಕು. ವಿಂಡೋಸ್ ಶುರುವಾಗುವ ಮುಂಚೆಯೇ ಹುಡುಕುವುದರಿಂದ ವೈರಸ್‌ಗೆ ಅಡಗಲು ಜಾಸ್ತಿ ಜಾಗ ಇರಲ್ಲ.

ಪೆನ್‌ಡ್ರೈವ್‌ನ ಶಾರ್ಟ್‌ಕಟ್ ಮೇಲೆ ದಯವಿಟ್ಟು ಡಬಲ್ ಕ್ಲಿಕ್ ಮಾಡಬೇಡಿ. ಸಾಮಾನ್ಯವಾಗಿ ಫೈಲ್ ಹೋಗಿರಲ್ಲ, ಹಿಡನ್ ಆಗಿರುತ್ತೆ ಅಷ್ಟೇ. ಸುಮ್ನೆ ಫಾರ್ಮ್ಯಾಟ್ ಮಾಡಿಬಿಟ್ಟೀರಿ, ಯಾರದೋ ಮಾರ್ಕ್ಸ್‌ಕಾರ್ಡ್ ಇರಬಹುದು ಅಲ್ವಾ? ಎಕ್ಸ್‌ಕ್ಲೂಷನ್ ಮತ್ತೆ ತಾನಾಗೇ ಬಂದರೆ, ಬ್ಯಾಕಪ್ ತೆಗೆದು ವಿಂಡೋಸ್ ಹೊಸದಾಗಿ ಹಾಕಿ.