ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ಗೇಟು

ಪ್ರಶ್ನೆ: ನಮ್ಮ ಮಾವಿನ ತೋಟದಲ್ಲಿ ಎರಡು ಕಾಠಿಯಾವಾಡಿ ಹೆಣ್ಣು ಕುದುರೆ ಸಾಕಿದ್ದೇನೆ. ಒಂದು ಈಗ ಗಬ್ಬ. ಅರ್ಧ ಎಕರೆಗೆ ಕಲ್ಲುಕಂಬ ನೆಡಿಸಿ ಬೇಲಿ ಹಾಕಿಸಿದ್ದೇನೆ, ಗೇಟು ಮಾತ್ರ ಬಾಕಿ. ಮನೆ ಗೇಟಿನ ಡಿಸೈನೇ ಸಾಕು, ಕಲ್ಲುಕಂಬಕ್ಕೇ ಕೂರಿಸೋಣ ಅಂತ ವೆಲ್ಡಿಂಗ್ ಅಂಗಡಿಯವರು ಹೇಳುತ್ತಾರೆ. ದೊಡ್ಡ ಕುದುರೆ ಈಗಲೇ ಲಾಯದ ಚಿಲಕವನ್ನು ತುಟಿಯಲ್ಲೇ ತೆಗೆಯುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಮೊದಲು ಅಂಗಡಿಗೆ ಫೋನ್ ಮಾಡಿ, ಕೆಲಸ ನಿಲ್ಲಿಸಿ ಅನ್ನಿ. ಮನೆ ಗೇಟಿನ ಮೇಲೆ ಈಟಿಯ ಮೊನೆ ಇರುತ್ತದೆ ಅಲ್ವಾ? ಅದು ಕಳ್ಳನಿಗೆ. ಮೇವಿನ ಹೊತ್ತಿಗೆ ಕುದುರೆ ಆ ಗೇಟಿನ ಮೇಲೇ ಕತ್ತು ಚಾಚಿ ನಿಲ್ಲುತ್ತದೆ. ಮೊನೆ ನಾಟುವುದು ಗಂಟಲಿಗೆ, ಎದೆಗೆ. ಮೇಲಿನ ಅಂಚು ನುಣುಪಾದ ಉರುಟು ಪೈಪೇ ಆಗಿರಲಿ. ಎತ್ತರ ನಾಲ್ಕೂವರೆಯಿಂದ ಐದು ಅಡಿ.

ಇನ್ನು ಕಂಬಿಗಳ ಸಂದು. ಇದರಲ್ಲಿ ನಾನು ಪೆಟ್ಟು ತಿಂದು ಕಲಿತವನು. ಲಾಯದ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೇ ನಿಂತು ಒಂದು ಗೇಟು ಮಾಡಿಸಿದ್ದೆ. ಜೋಲಬಾರದು ಅಂತ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಪೈಪು ಕೊಡಿಸಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಒಂದು ಸಂಜೆ ಹುರುಳಿ ಬರುವುದು ತಡವಾಯಿತು. ಎರಡು ವರ್ಷದ ಮರಿಯೊಂದು ಗೇಟಿಗೆ ಕಾಲು ಕೆರೆಯುತ್ತಾ ನಿಂತಿತ್ತು. ಓರೆ ಪೈಪು ಕೆಳಗಿನ ಪೈಪಿಗೆ ಸೇರುವ ಮೂಲೆಗೆ ಅದರ ಮುಂಗಾಲು ಇಳಿಯಿತು. ಅಲ್ಲಿ ಸಂದು ಕೆಳಗೆ ಹೋದಷ್ಟೂ ಕಿರಿದು. ಎಳೆದಷ್ಟೂ ಕಾಲು ಬಿಗಿಯಿತು. ಅದರ ಕಣ್ಣಿಗೆ ಟವೆಲ್ ಕಟ್ಟಿ, ಇಬ್ಬರು ಹಿಡಿದುಕೊಂಡು, ಒಬ್ಬ ಗರಗಸದಲ್ಲಿ ಪೈಪು ಕುಯ್ದ. ಗ್ಯಾಸ್ ಕಟರ್ ತರೋಣ ಅಂದರೆ ಕಿಡಿಗೆ ಬೆದರಿ ಮೂಳೆಯನ್ನೇ ಮುರಿದುಕೊಳ್ಳುತ್ತಿತ್ತು. ಕಾಲು ಉಳಿಯಿತು. ಗಾಯದ ಗುರುತು ಹೋಗಲಿಲ್ಲ.

ಹಾಗಂತ ಓರೆ ಪೈಪು ಬೇಡವೇ ಬೇಡ ಅನ್ನುತ್ತಿಲ್ಲ, ಇಲ್ಲದಿದ್ದರೆ ಉದ್ದ ಗೇಟು ಜೋತುಬೀಳುತ್ತದೆ. ಬಿಜಾಗರಿ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲಿನ ಮೂಲೆಗೆ ಕೊಡಿಸಿ. ಆಮೇಲೆ ಕುದುರೆ ನಿಲ್ಲುವ ಮಗ್ಗುಲಿಗೆ ಮೇಲಿಂದ ಕೆಳಗಿನವರೆಗೆ 2 ಇಂಚು × 4 ಇಂಚಿನ ಗಟ್ಟಿ ಜಾಲರಿ ಬೆಸುಗೆ ಹಾಕಿಸಿ. ಗೊರಸು ಅದರಲ್ಲಿ ತೂರುವುದಿಲ್ಲ. ಕುದುರೆ ಒರಗಿದರೂ ಜಾಲರಿ ಪೈಪಿಗೇ ಒತ್ತಿಕೊಳ್ಳುತ್ತದೆ, ಕಿತ್ತುಬರುವುದಿಲ್ಲ. ನಿಮಗೆ ಮರಿ ಬರುವುದರಿಂದ ಜಾಲರಿ ಖಂಡಿತಾ ಬೇಕು. ಮರಿಗಳು ಬೇಲಿ ಪಕ್ಕ ಮಲಗಿ ಹೊರಳುತ್ತವೆ, ಗೇಟಿನ ಅಡಿಗೆ ಕಾಲು ತೂರಿಸುತ್ತವೆ. ನೆಲದಿಂದ ಮೂರು ಇಂಚು ಬಿಟ್ಟರೆ ಸಾಕು. ಕಂಬಕ್ಕೂ ಗೇಟಿಗೂ ನಡುವಿನ ಸಂದು ಮೂರು ಬೆರಳು ದಾಟಬಾರದು.

ಅಗಲ 12 ಅಡಿ ಇಡಿ. ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ಟ್ರ್ಯಾಕ್ಟರು ಒಳಗೆ ಬರಬೇಕು, ಹೊತ್ತಲ್ಲದ ಹೊತ್ತಲ್ಲಿ ಡಾಕ್ಟರ ಗಾಡಿಯೂ ಬರಬೇಕು. ಇಕ್ಕಟ್ಟು ಗೇಟಿನಲ್ಲಿ ಕುದುರೆ ಗಡಿಬಿಡಿಯಲ್ಲಿ ನುಗ್ಗಿದರೆ ಸೊಂಟದ ಮೂಳೆ ಕಂಬಕ್ಕೋ ಚಿಲಕಕ್ಕೋ ಬಡಿಯುತ್ತದೆ. ಆ ಮೂಳೆ ಮುರಿದು ಒಂದು ಮಗ್ಗುಲು ತಗ್ಗಿದ ಕುದುರೆಗಳನ್ನು ನಾನು ನೋಡಿದ್ದೇನೆ.

ಕಲ್ಲುಕಂಬದ ವಿಷಯಕ್ಕೆ ಬರೋಣ. ನಿಮ್ಮ ಕಡೆ ಕಲ್ಲಿಗೆ ಬರವಿಲ್ಲ, ಬೇಲಿಗೆ ಅದು ಒಳ್ಳೆಯದೇ. ಆದರೆ ಕಲ್ಲು ಭಾರ ಹೊರುತ್ತದೆ, ಬಾಗುವುದಿಲ್ಲ. ಪಕ್ಕಕ್ಕೆ ಎಳೆದರೆ ಸೀಳುತ್ತದೆ. ಒಂದೂಕಾಲು ಇಂಚಿನ ಪೈಪಿನ 12 ಅಡಿ ಗೇಟು ಸುಮ್ನೆ 50 ಕೆಜಿ ದಾಟುತ್ತದೆ. ಮೇಲಿನ ಬಿಜಾಗರಿ ಆ ಕಂಬವನ್ನು ಹಗಲೂ ರಾತ್ರಿ ಎಳೆಯುತ್ತಲೇ ಇರುತ್ತದೆ. ಅದಕ್ಕೇ ಗೇಟಿಗೆ ನಾಲ್ಕು ಇಂಚಿನ ಕಬ್ಬಿಣದ ಪೈಪನ್ನೇ ಕಂಬ ಮಾಡಿ. ಮೂರು ಅಡಿ ಆಳಕ್ಕೆ ಇಳಿಸಿ ಕಾಂಕ್ರೀಟ್ ಹಾಕಿಸಿ, ವಾರವಿಡೀ ನೀರು ಬಿಟ್ಟು, ಆಮೇಲೆ ಗೇಟು ಕೂರಿಸಿ. ಮಾರನೆಯ ದಿನವೇ ಕೂರಿಸೋಣ ಅನ್ನುವವರ ಮಾತು ಕೇಳಬೇಡಿ.

ಬಿಜಾಗರಿಯಲ್ಲೊಂದು ಕಿಟುಕು ಇದೆ. ಎರಡೂ ಕೊಕ್ಕೆಗಳು ಮೇಲ್ಮುಖವಾಗಿದ್ದರೆ, ಕುದುರೆ ಕೆಳಗಿಂದ ಕತ್ತು ಕೊಟ್ಟು ಎತ್ತಿದಾಗ ಇಡೀ ಗೇಟೇ ಕಳಚಿ ಬರುತ್ತದೆ. ಕೆಳಗಿನದು ಮೇಲ್ಮುಖ, ಮೇಲಿನದು ಕೆಳಮುಖ ಇರಲಿ. ಆಗ ಎತ್ತಿದರೂ ಕಳಚದು.

ಚಿಲಕಕ್ಕೆ ನನ್ನ ಪರೀಕ್ಷೆ ಒಂದೇ. ಎಡಗೈಯಲ್ಲಿ ಕುದುರೆಯ ಹಗ್ಗ ಹಿಡಿದು, ಬಲಗೈ ಒಂದರಲ್ಲೇ ತೆಗೆದು ಹಾಕಲು ಆಗಬೇಕು. ನಾನು ಮಲೆನಾಡಿನವನು, ನಮ್ಮ ಮನೆಯಲ್ಲಿ ಗೇಟು ಅಂದರೆ ಉಣುಗೋಲು: ಎರಡು ಕಂಬ, ತೂತುಗಳಲ್ಲಿ ತೂರಿದ ಗಳುಗಳು. ದನಕ್ಕೆ ಸರಿ. ಕುದುರೆ ಹಿಡಿದುಕೊಂಡು ಒಂದೊಂದೇ ಗಳು ಜಾರಿಸಲು ಹೋದರೆ, ಎರಡನೆಯದು ತೆಗೆಯುವುದರೊಳಗೆ ಅದು ಮೂರನೆಯದನ್ನು ದಾಟಲು ಕಾಲೆತ್ತಿರುತ್ತದೆ.

ತುಟಿಯಲ್ಲಿ ಚಿಲಕ ತೆಗೆಯುವ ನಿಮ್ಮ ಜಾಣೆಗೆ ಚಿಕ್ಕ ಸರಪಳಿ, ಅದರ ತುದಿಗೆ ಸ್ಪ್ರಿಂಗ್ ಕೊಕ್ಕೆ. ಕೊಕ್ಕೆ ಹೊರ ಮಗ್ಗುಲಲ್ಲಿರಲಿ, ಸರಪಳಿ ಕುಣಿಕೆಯಾಗಿ ಜೋಲದಿರಲಿ. ಕೆಳಗಡೆ ಇನ್ನೊಂದು ಹಾಕಿದರೆ ಇನ್ನೂ ಒಳ್ಳೆಯದು.

ಗೇಟು ಒಳಕ್ಕೆ ತೆರೆಯಲಿ, ಕುದುರೆಗಳು ಮೈಮೇಲೆ ಬಿದ್ದರೂ ತೆರೆದುಕೊಳ್ಳದು. ಆದರೆ ಕುದುರೆ ಗೇಟಿಗೆ ಅಡ್ಡಲಾಗಿ ಬಿದ್ದುಬಿಟ್ಟರೆ? ಅದಕ್ಕೆ ಹೊರಕ್ಕೂ ತಿರುಗುವಂತೆ ಇಟ್ಟುಕೊಳ್ಳಿ. ಮೂಲೆಯಲ್ಲಿ ಗೇಟು ಬೇಡ. ಜೋರು ಕುದುರೆ ಇನ್ನೊಂದನ್ನು ಅಲ್ಲಿಗೇ ಅಮುಕಿ ಒದೆಯುತ್ತದೆ. ಮಳೆಗಾಲಕ್ಕೆ ಮೊದಲು ಎರಡೂ ಕಡೆ ಗರಸು ಹಾಕಿಸಿ.

ಪ್ರಶ್ನೆ: ಕಾಫಿ ತೋಟಕ್ಕೆ ಸೋಲಾರ್ ಬೇಲಿ ಇದೆ. ಗೇಟಿನ ಜಾಗದಲ್ಲಿ ಸ್ಪ್ರಿಂಗ್ ತಂತಿಗೆ ಕೊಕ್ಕೆ ಹಾಕಿದರೆ ಕುದುರೆಗೆ ಸಾಕಲ್ವಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ದಿನಾ ಕುದುರೆ ಓಡಾಡುವ ಕಡೆ ಬೇಡ. ಬಿಚ್ಚಿದ ಸ್ಪ್ರಿಂಗು ಬಾಲಕ್ಕೆ ಸುತ್ತಿಕೊಳ್ಳುತ್ತದೆ. ಅಪರೂಪಕ್ಕೆ ತೆಗೆಯುವ ಜಾಗಕ್ಕಾದರೆ ಒಂದು ಮಾತು ನೆನಪಿಡಿ. ಕರೆಂಟು ಕೊಕ್ಕೆಯ ಕಡೆಯ ಕಂಬದಿಂದ ಮಾತ್ರ ಬರಬೇಕು. ಆಗ ಕೊಕ್ಕೆ ಬಿಚ್ಚಿದ ಕೂಡಲೇ ಕೈಯಲ್ಲಿರುವ ತಂತಿ ಸತ್ತಿರುತ್ತದೆ. ಆಚೆ ಬದಿಯ ಬೇಲಿಗೆ ಕರೆಂಟನ್ನು ಇನ್ಸುಲೇಶನ್ ಇರುವ ಕೇಬಲ್‌ನಲ್ಲಿ ನೆಲದಡಿಯಿಂದ ಒಯ್ಯಿರಿ. ತಂತಿ ಕಾಣಲಿ ಅಂತ ಎಲ್ಲರೂ ಕೆಂಪು ಬಟ್ಟೆ ಕಟ್ಟುತ್ತಾರೆ. ಕುದುರೆಯ ಕಣ್ಣಿಗೆ ಕೆಂಪು, ಹಸಿರು ಸರಿಯಾಗಿ ಬೇರೆಯಾಗುವುದಿಲ್ಲ. ಬಿಳಿ ಪಟ್ಟಿ ಕಟ್ಟಿ.