ಕಟ್ಟಿದ ಸಿಂಪಿ ದಿಬ್ಬ ಚೇತರಿಸಿಕೊಂಡಿದೆ ಅಂತ ಹೇಗೆ ಗೊತ್ತಾಗುತ್ತೆ?

ಸಿಂಪಿಗಳು ಅಂಟಿಕೊಂಡು ಬೆಳೆಯಲಿ ಅಂತ ನೀರಿನ ತಳದಲ್ಲಿ ಚಿಪ್ಪು ಸುರಿದು ದಿಬ್ಬ ಕಟ್ಟಿ ಒಂದು ವರ್ಷವಾಯಿತು, ಮರಿ ಸಿಂಪಿಗಳು ಕಿಕ್ಕಿರಿದಿವೆ, ಗೆದ್ದೆವು ಅನ್ನಬಹುದಾ ಅಂತ ಕೇಳಿದ್ದೀರಿ. ಈಗಲೇ ಅನ್ನಬೇಡಿ. ನಾನೂ ಮೊದಲ ವರ್ಷದ ಎಣಿಕೆ ನೋಡಿ ಹಿಗ್ಗಿದವನೇ. ಮರುವರ್ಷ ಹೋಗಿ ನೋಡಿದರೆ ಅರ್ಧಕ್ಕರ್ಧ ಖಾಲಿ ಚಿಪ್ಪು!

ಸುಮ್ನೆ ಎಣಿಸಿದರೆ ಸಾಲದು, ಒಂದೊಂದನ್ನೂ ಕ್ಯಾಲಿಪರ್ ಹಿಡಿದು ಅಳೆಯಬೇಕು. ಎಲ್ಲವೂ ಸುಮಾರು 20 ಮಿಲಿಮೀಟರ್ ಇದ್ದರೆ ಅವು ಒಂದೇ ಸಲ ಬಂದು ಅಂಟಿಕೊಂಡ ಮರಿಗಳು. ಒಂದು ಕೆಟ್ಟ ಋತು ಬಂದರೆ ಮುಗೀತು. ಚಿಕ್ಕವು, ನಡುವಿನವು, ದೊಡ್ಡವು ಒಟ್ಟಿಗೆ ಸಿಕ್ಕರೆ ಮಾತ್ರ ಹಳೆಯವು ಬದುಕುತ್ತಿವೆ, ಹೊಸವು ಬರುತ್ತಿವೆ ಅಂತ ಅರ್ಥ. ನಾನು ಮೊದಲು ನೋಡುವುದೇ ಇದನ್ನ.

ಸತ್ತವನ್ನೂ ಬಿಡದೆ ಎಣಿಸಿ. ಎರಡೂ ಚಿಪ್ಪು ಕೀಲಿನಲ್ಲಿ ಕೂಡಿಕೊಂಡೇ ಇರುತ್ತವೆ, ಒಳಗೆ ಮಾತ್ರ ಏನೂ ಇರಲ್ಲ. ಒಳಭಾಗ ಬೆಳ್ಳಗೆ ಹೊಳೆಯುತ್ತಿದ್ದರೆ ಇತ್ತೀಚೆಗೆ ಸತ್ತದ್ದು, ಒಳಗೇ ಬೇರೆ ಜೀವಿಗಳು ಅಂಟಿ ಬೆಳೆದಿದ್ದರೆ ಹಳೆಯದು. ಚಿಪ್ಪಿನಲ್ಲಿ ಸೂಜಿ ಚುಚ್ಚಿದ ಹಾಗೆ ದುಂಡನೆಯ ತೂತಿದೆಯಾ? ಅದು ಕೊರೆದು ತಿನ್ನುವ ಬಸವನಹುಳುವಿನ ಕೆಲಸ.

ಎಣಿಸುವ ಜಾಗ ಗುರುತಿಸಲು ದಿಬ್ಬದ ಮೇಲಿಡುವ ಚೌಕಟ್ಟು ಎಲ್ಲಿಡಬೇಕು ಅನ್ನುವುದನ್ನು ನೀರಿಗೆ ಇಳಿಯುವ ಮೊದಲೇ ಚೀಟಿ ಎತ್ತಿ ನಿರ್ಧರಿಸಿ. ಅಲ್ಲಿ ಹೋದಮೇಲೆ ಕೈ ತಾನಾಗಿ ಸಿಂಪಿ ಜಾಸ್ತಿ ಇರುವ ಕಡೆಗೇ ಹೋಗುತ್ತೆ, ಅಲ್ವಾ?

ದಿಬ್ಬದ ವಿಸ್ತಾರ, ಕೆಸರಿನಿಂದ ಅದರ ಎತ್ತರ, ಎರಡನ್ನೂ ಪ್ರತಿ ಸಲ ಬರೆದಿಡಿ. ಎತ್ತರ ಕುಗ್ಗುತ್ತಾ ಬಂದರೆ ದಿಬ್ಬ ಹೂತುಹೋಗುತ್ತಿದೆ ಅಂತ. ನೀರಿನ ಬಿಸಿ, ಉಪ್ಪಿನಂಶ, ಕರಗಿದ ಆಮ್ಲಜನಕವೂ ಬೇಕು. ಇವಿಲ್ಲದೆ ಸಿಂಪಿ ಯಾಕೆ ಸತ್ತವು ಅಂತ ಹೇಳಲಾಗದು.

ಎಷ್ಟಿದ್ದರೆ ಸಾಕು? ಅಮೆರಿಕದ ಚೆಸಪೀಕ್ ಕೊಲ್ಲಿಗೆ 2011ರಲ್ಲಿ ಒಂದು ಅಳತೆ ಹಾಕಿಕೊಂಡರು. ಚದರ ಮೀಟರಿಗೆ ಕನಿಷ್ಠ 15 ಸಿಂಪಿ, ಗುರಿ 50, ಅದೂ ದಿಬ್ಬದ ಕನಿಷ್ಠ 30% ಜಾಗದಲ್ಲಿ. ಪರೀಕ್ಷೆ ದಿಬ್ಬ ಕಟ್ಟಿದ 3ನೇ ವರ್ಷದಲ್ಲಿ ಒಂದು ಸಲ, 6ನೇ ವರ್ಷದಲ್ಲಿ ಇನ್ನೊಂದು ಸಲ. ಅದು ಅಲ್ಲಿನ ಜಾತಿಗೆ, ಅಲ್ಲಿನ ನೀರಿಗೆ ಮಾಡಿದ ಲೆಕ್ಕ. ಹಾಗೇ ಎತ್ತಿ ತರಬೇಡಿ. ಹತ್ತಿರದಲ್ಲಿ ಸಹಜವಾಗಿ ಬೆಳೆದ ದಿಬ್ಬ ಇದ್ದರೆ ಅದನ್ನೂ, ದಿಬ್ಬ ಕಟ್ಟದ ಬರೀ ಕೆಸರಿನ ಒಂದು ತುಂಡನ್ನೂ ಜೊತೆಗೇ ಅಳೆದು ಹೋಲಿಸಿ ನೋಡಿ.

ಇನ್ನೊಂದು ಮಾತು: ಅಳೆದು ಮುಗಿದ ಮೇಲೆ ಬದುಕಿರುವವನ್ನೆಲ್ಲ ತೆಗೆದ ಜಾಗಕ್ಕೇ ವಾಪಸ್ ಇಡಿ. ಬಿಸಿಲಲ್ಲಿ ಬುಟ್ಟಿ ಮರೆತು ಊಟಕ್ಕೆ ಹೋದವರನ್ನ ನೋಡಿದ್ದೀನಿ.